ಕಡಲಿನ ಲೆಕ್ಕ ಇಟ್ಟ ಹೆಂಗಸರು

ಪುಣೆಗೆ ಕಡಲಿಲ್ಲ. ಊರಿನ ಮುಳಾ–ಮುಠಾ ಹೊಳೆಗಳೂ ಪಕ್ಕದ ಅರಬ್ಬೀ ಸಮುದ್ರಕ್ಕೆ ಬೆನ್ನು ತಿರುಗಿಸಿ, ಭೀಮೆಯನ್ನು ಕೂಡಿಕೊಂಡು, ನಮ್ಮ ಕಲಬುರಗಿ–ಯಾದಗಿರಿ ಸೀಮೆಯನ್ನು ಹಾದು ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತವೆ. ಆದರೂ ಹದಿನೆಂಟನೆಯ ಶತಮಾನದ ಪಡುಗಡಲಿನ ಜಗಳಗಳು ಕಾಗದದ ರೂಪ ತಾಳಿ ಬಂದು ಕೂತಿರುವುದು ಈ ಊರಿನ ಕಪಾಟುಗಳಲ್ಲೇ. ಇಲ್ಲಿನ ಪೇಶ್ವೆ ದಫ್ತರದಲ್ಲಿ ಎಣಿಸಿ ಮುಗಿಯದಷ್ಟು ಮೋಡಿ ಲಿಪಿಯ ಕಾಗದಗಳಿವೆ. 1930ರ ದಶಕದ ಮೊದಲ ವರ್ಷಗಳಲ್ಲಿ ಗೋವಿಂದ ಸಖಾರಾಮ ಸರದೇಸಾಯಿ ಅವುಗಳಿಂದ ಆಯ್ದು ಅಚ್ಚು ಹಾಕಿಸಿದ್ದೇ 45 ಸಂಪುಟಗಳಾದವು. ವಿ.ಕಾ. ರಾಜವಾಡೆ 1910ರಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳವಂತೂ ಹಳೆಯ ವಾಡೆಗಳ ಅಟ್ಟದ ಮೇಲಿನ ಕಂತೆಗಳನ್ನು ಇಳಿಸಿ ತಂದು ಜೋಡಿಸುವುದನ್ನೇ ಕಸುಬು ಮಾಡಿಕೊಂಡಿತು.

ಹೆಣ್ಣು ಕಡಲ್ಗಳ್ಳರ ಕಥೆಗೆ ಲೋಕದ ಎಲ್ಲೆಡೆ ಗಿರಾಕಿಗಳಿದ್ದಾರೆ. ಗಂಡುವೇಷ ತೊಟ್ಟು, ಹಲ್ಲಿನ ನಡುವೆ ಚೂರಿ ಕಚ್ಚಿ, ಹಗ್ಗ ಹಿಡಿದು ಎದುರಾಳಿಯ ಹಡಗಿಗೆ ಜಿಗಿಯುವ ಹೆಂಗಸು ಸಿನಿಮಾಗಳಿಂದ ನಮಗೆ ಪರಿಚಿತಳು. ನಮ್ಮ ಪಡುಗಡಲಿನಲ್ಲಿ ಅಂಥವಳು ಯಾರೂ ಇರಲಿಲ್ಲವೇ ಎಂದು ಹುಡುಕಹೊರಟರೆ ಕತ್ತಿಯ ಹೆಂಗಸು ಸಿಗುವುದಿಲ್ಲ. ಸಿಗುವವರು ಬೇರೆ ಥರದವರು. ಯಾವ ಹಡಗು ಹಾಯಬೇಕು, ಯಾವುದು ನಿಲ್ಲಬೇಕು, ಮೆಣಸಿಗೆ ಎಷ್ಟು ಬೆಲೆ, ಸೆರೆಯಾಳಿಗೆ ಎಷ್ಟು ಹಣ ಎಂದು ದಡದಲ್ಲಿ ಕೂತು ತೀರ್ಮಾನಿಸಿದವರು. ಬೇರೆ ದೇಶಗಳ ಹೆಸರಾಂತ ಕಡಲ್ಗಳ್ಳಿಯರನ್ನೂ ಸ್ವಲ್ಪ ಕೆರೆದು ನೋಡಿದರೆ ಒಳಗಿರುವುದು ಇದೇ ಬಣ್ಣ.

ಕಾರವಾರದಲ್ಲಿ ಒಂದು ಮದುವೆ

ಮೊದಲು ಈ ವ್ಯಾಪಾರಕ್ಕೆ ಸರಕಾದ ಒಬ್ಬಳ ಕಥೆ. 1709ರ ಅಕ್ಟೋಬರಿನಲ್ಲಿ 'ಲಾಯಲ್ ಬ್ಲಿಸ್' ಎಂಬ ಇಂಗ್ಲಿಷ್ ಹಡಗು ಕಾರವಾರಕ್ಕೆ ಬಂದು ಲಂಗರು ಹಾಕಿತು. ಕಲ್ಕತ್ತೆಯ ಕೋಟೆಯ ಕೆಲಸಕ್ಕೆ ಹೊರಟಿದ್ದ ಕ್ಯಾಪ್ಟನ್ ಜೆರಾರ್ಡ್ ಕುಕ್ ತನ್ನ ಸಂಸಾರದೊಂದಿಗೆ ಅದರಲ್ಲಿದ್ದ. ಮಗಳು ಕ್ಯಾಥರೀನ್‌ಗೆ ಹದಿಮೂರೋ ಹದಿನಾಲ್ಕೋ ವಯಸ್ಸು. ಕಾರವಾರದ ಇಂಗ್ಲಿಷ್ ಕೋಠಿಯ ಮುಖ್ಯಸ್ಥ ಜಾನ್ ಹಾರ್ವೆ ಆ ಹುಡುಗಿಯನ್ನು ಕೇಳಿದ. ಆತ ಮುದುಕ, ಮೈಕಟ್ಟೂ ಸೊಟ್ಟ, ಆದರೆ ದುಡ್ಡಿತ್ತು. ತಂದೆತಾಯಿ ಒಪ್ಪಿದರು. ಮಗಳನ್ನು ಕಾರವಾರದಲ್ಲಿ ಬಿಟ್ಟು ಹಡಗು ಬಂಗಾಳದ ದಾರಿ ಹಿಡಿಯಿತು.

ಹಾರ್ವೆ ಹೆಚ್ಚು ದಿನ ಬದುಕಲಿಲ್ಲ. ಅವನ ಸ್ವಂತ ವ್ಯಾಪಾರದ ಲೆಕ್ಕವೂ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕವೂ ಒಂದರೊಳಗೊಂದು ಕಲಸಿಹೋಗಿದ್ದವು. ಗಂಡನ ಆಸ್ತಿ ತನಗೆ ಬರಬೇಕೆಂದು ಅವಳು ಹಕ್ಕು ಹೂಡಿದಳು. ಈ ನಡುವೆ ಥಾಮಸ್ ಚೌನ್ ಎಂಬ ಕಂಪನಿಯ ತರುಣ ನೌಕರನೊಂದಿಗೆ ಎರಡನೆಯ ಮದುವೆಯಾಯಿತು. 1712ರ ನವೆಂಬರಿನಲ್ಲಿ ಗಂಡಹೆಂಡಿರು ಮುಂಬೈ–ಕಾರವಾರದ ಕಡಲಹಾದಿಯಲ್ಲಿದ್ದಾಗ ಕಾನ್ಹೋಜಿ ಆಂಗ್ರೆಯ ಗುರಾಬಗಳು, ಅಂದರೆ ಯುದ್ಧದ ಹಡಗುಗಳು, ಮೇಲೆ ಬಿದ್ದವು. ಗುಂಡು ತಗುಲಿ ಚೌನ್‌ನ ತೋಳು ಹರಿದುಹೋಯಿತು. ಹೆಂಡತಿಯ ಕೈಯಲ್ಲೇ ರಕ್ತ ಸೋರಿ ಸತ್ತ. ಗರ್ಭಿಣಿಯಾಗಿದ್ದ ಕ್ಯಾಥರೀನ್ ಅಲಿಬಾಗಿನ ಕೊಲಾಬಾ ಕೋಟೆಯಲ್ಲಿ ಸೆರೆಯಾದಳು. ಮುಂದಿನ ವರ್ಷ ಮುಂಬೈ ಸರಕಾರ 30,000 ರೂಪಾಯಿ ತೆತ್ತು ಅವಳನ್ನೂ ಉಳಿದ ಸೆರೆಯಾಳುಗಳನ್ನೂ ಬಿಡಿಸಿಕೊಂಡಿತು. ಹಣ ತಲುಪಿಸಲು ಹೋದ ಅಧಿಕಾರಿ ಅವಳ ಮೈ ಮುಚ್ಚಲು ತನ್ನ ಬಟ್ಟೆ ಹೊದಿಸಿ ಕರೆತರಬೇಕಾಯಿತು.

ಇಲ್ಲಿಗೂ ಕಥೆ ಮುಗಿಯಲಿಲ್ಲ. ಮೂರನೆಯ ಗಂಡ ವಿಲಿಯಂ ಗಿಫರ್ಡ್ ಮುಂದೆ ಕೇರಳದ ಅಂಜೆಂಗೊ ಕೋಠಿಯ ಮುಖ್ಯಸ್ಥನಾದ. ಮೆಣಸಿನ ಬೆಲೆಯಲ್ಲಿ ಮೋಸ ಮಾಡಿದ, ಊರಿನವರನ್ನು ಹೀಯಾಳಿಸಿದ. 1721ರ ಏಪ್ರಿಲಿನಲ್ಲಿ ಆಟ್ಟಿಂಗಲ್ ರಾಣಿಗೆ ಕಾಣಿಕೆ ಒಪ್ಪಿಸಲು ನೂರಕ್ಕೂ ಹೆಚ್ಚು ಜನರ ದಂಡು ಕಟ್ಟಿಕೊಂಡು ಮೆರವಣಿಗೆಯಲ್ಲಿ ಹೋದವನು ದಂಡಿನ ಸಮೇತ ಕೊಲೆಯಾದ. ಹೆಂಡತಿ ಹಡಗು ಹತ್ತಿ ಪಾರಾದಳು. ಗಿಫರ್ಡ್ ನಮಗೆ ಕೊಡುವುದು ಬಾಕಿಯಿದೆ ಎಂದು ಕಂಪನಿ ಅವಳ ಬೆನ್ನು ಹತ್ತಿತು. ನನಗೇ ಬರಬೇಕಿದೆ ಎಂದು ಅವಳು ಪಟ್ಟು ಹಿಡಿದಳು. ಕೊನೆಗೆ ಆಂಗ್ರೆಯನ್ನು ಬಗ್ಗುಬಡಿಯಲು ಇಂಗ್ಲೆಂಡಿನಿಂದ ಬಂದು, ಅದು ಆಗದೆ ಮರಳುತ್ತಿದ್ದ ಕಮೊಡೋರ್ ಮ್ಯಾಥ್ಯೂಸನ ಹಡಗಿನಲ್ಲಿ ಇಂಗ್ಲೆಂಡ್ ಸೇರಿಕೊಂಡಳು.

ಈ ಹೆಂಗಸಿನ ಬಗ್ಗೆ ನಮಗೆ ಇಷ್ಟೆಲ್ಲ ತಿಳಿದಿರುವುದು ಯಾಕೆ? ಮೂರು ಸಲವೂ ಅವಳ ಹೆಸರಿನ ಪಕ್ಕ ಒಂದು ಮೊತ್ತ ಇತ್ತು. ಮೊದಲ ಗಂಡನ ಆಸ್ತಿ, ಎರಡನೆಯವನ ಕಾಲಕ್ಕೆ ಬಿಡುಗಡೆಯ ಹಣ, ಮೂರನೆಯವನ ಬಾಕಿ. ಹಣದ ತಕರಾರು ಇಲ್ಲದಿದ್ದರೆ ಕಾರವಾರದಲ್ಲಿ ಮದುವೆಯಾದ ಆ ಹುಡುಗಿಯ ಸುಳಿವು ಕೂಡ ಉಳಿಯುತ್ತಿರಲಿಲ್ಲ.

ರಹದಾರಿಯ ವ್ಯಾಪಾರ

ಅವಳನ್ನು ಹಿಡಿದ ಕಾನ್ಹೋಜಿ ಆಂಗ್ರೆ ಇಂಗ್ಲಿಷರ ಕಾಗದಗಳಲ್ಲಿ ಕಡಲ್ಗಳ್ಳ. ಮರಾಠರ ಕಾಗದಗಳಲ್ಲಿ ಸರಖೇಲ, ಅಂದರೆ ನೌಕಾಪಡೆಯ ಒಡೆಯ. ಆತ ಮೊದಲು ತಾರಾಬಾಯಿಯ ಪಕ್ಷದವನು. ಗಂಡ ರಾಜಾರಾಮ 1700ರಲ್ಲಿ ತೀರಿಕೊಂಡ ಮೇಲೆ ಔರಂಗಜೇಬನ ಸೈನ್ಯಕ್ಕೆ ಎದುರು ನಿಂತು ರಾಜ್ಯ ಉಳಿಸಿಕೊಂಡ ಹೆಂಗಸು ತಾರಾಬಾಯಿ. ಮುಂದೆ ಪೇಶ್ವೆ ಬಾಳಾಜಿ ವಿಶ್ವನಾಥ ಮಾತುಕತೆ ನಡೆಸಿ ಕಾನ್ಹೋಜಿಯನ್ನು ಅವಳ ಎದುರಾಳಿ ಶಾಹೂ ಮಹಾರಾಜರ ಕಡೆಗೆ ಒಲಿಸಿಕೊಂಡ.

ಆಂಗ್ರೆಯ ಕಸುಬು ಸರಳವಾಗಿತ್ತು. ಕೊಂಕಣ ದಂಡೆಯ ಮುಂದೆ ಹಾಯುವ ವ್ಯಾಪಾರಿ ಹಡಗು ತನ್ನ ದಸ್ತಕ, ಅಂದರೆ ರಹದಾರಿ, ಕೊಳ್ಳಬೇಕು. ಕೊಳ್ಳದಿದ್ದರೆ ಹಡಗೂ ಸರಕೂ ತನ್ನವು. ಅದಕ್ಕೂ ಇನ್ನೂರು ವರ್ಷ ಮೊದಲು ಪೋರ್ಚುಗೀಸರು 'ಕಾರ್ತಾಜ್' ಎಂಬ ಚೀಟಿಯ ಹೆಸರಿನಲ್ಲಿ ಮಾಡಲು ಶುರುವಿಟ್ಟಿದ್ದೂ ಇದನ್ನೇ. ಇಂಗ್ಲಿಷರೂ ತಮ್ಮ ಪಾಸು ಮಾರುತ್ತಿದ್ದರು. ಒಂದೇ ನೀರಿನ ಮೇಲೆ ಮೂವರು ಸುಂಕ ವಸೂಲಿಗೆ ನಿಂತಾಗ ಒಬ್ಬರ ಕಣ್ಣಿಗೆ ಮತ್ತೊಬ್ಬರು ಕಳ್ಳರಾಗಿ ಕಂಡರೆ ಆಶ್ಚರ್ಯವೇನಿದೆ?

ಈ ವ್ಯಾಪಾರ ತಿಳಿದರೆ ಕಡಲಿನ ಅಧಿಕಾರ ಇರುವುದು ಎಲ್ಲಿ ಎಂಬುದು ತಿಳಿಯುತ್ತದೆ. ಹಡಗು ಓಡಿಸಲು ಗಂಡಸರು ಬೇಕಾದಷ್ಟು ಸಿಗುತ್ತಾರೆ. ಬಂದರು, ಕೋಟೆ, ಖಜಾನೆ, ಮೊಹರು ಯಾರ ಕೈಯಲ್ಲಿವೆ ಎಂಬುದೇ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಇವು ಮತ್ತೆ ಮತ್ತೆ ಹೆಂಗಸರ ಕೈಗೆ ಬಂದವು.

ಭಟ್ಕಳ, ಗೇರುಸೊಪ್ಪೆ, ಉಳ್ಳಾಲ

ಕನ್ನಡ ದಂಡೆಗೆ ತನ್ನದೇ ಕಡಲ್ಗಳ್ಳನೊಬ್ಬ ಇದ್ದ. ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. 1510ರಲ್ಲಿ ಗೋವೆಯನ್ನು ಹಿಡಿಯುವಂತೆ ಅಲ್ಬುಕರ್ಕನಿಗೆ ಕಿವಿಯೂದಿ, ಜೊತೆಗೆ ಹಡಗುಗಳನ್ನೂ ತಂದವನು ಇವನೇ. ಇಂಥವರಿಗೆ ನೆಲೆ ಕೊಡುತ್ತಿದ್ದದ್ದು ನದೀಮುಖದ ಬಂದರುಗಳು, ಆ ಬಂದರುಗಳ ಒಡೆಯರು.

1542ರಲ್ಲಿ ಗೋವೆಯ ಗವರ್ನರ್ ಮಾರ್ತಿಂ ಅಫೊನ್ಸೊ ದ ಸೌಜ ಭಟ್ಕಳಕ್ಕೆ ನುಗ್ಗಿ ಊರು ಸುಟ್ಟ. ಆಗ ಅಲ್ಲಿ ಆಳುತ್ತಿದ್ದವಳು ರಾಣಿ. ಅವಳ ಮೇಲೆ ಹೊರಿಸಿದ ತಪ್ಪು ಎರಡು: ಕಪ್ಪ ಸಲ್ಲಿಸಲಿಲ್ಲ, ಕಡಲ್ಗಳ್ಳರಿಗೆ ಆಸರೆ ಕೊಟ್ಟಳು. 1548ರ ಕರಾರಿನಲ್ಲಿ ಪೋರ್ಚುಗೀಸರು ಬರೆಸಿಕೊಂಡ ಷರತ್ತು ಇನ್ನೂ ಸ್ವಾರಸ್ಯದ್ದು. ನಿನ್ನ ಬಂದರಿನಿಂದ ಕಡಲ್ಗಳ್ಳರು ಹೊರಡಕೂಡದು, ಹೊರಟು ಯಾರಿಗಾದರೂ ನಷ್ಟ ಮಾಡಿದರೆ ಅದನ್ನು ನೀನೇ ತುಂಬಿಕೊಡಬೇಕು. ಬಂದರಿನ ಒಡತಿಗೂ ಗುರಾಬದ ನಾಯಕನಿಗೂ ಇದ್ದ ನಂಟನ್ನು ಪೋರ್ಚುಗೀಸರು ಚೆನ್ನಾಗಿಯೇ ಗುರುತಿಸಿದ್ದರು.

ಕೆಲವೇ ವರ್ಷಗಳಲ್ಲಿ, 1552ರಲ್ಲಿ, ಗೇರುಸೊಪ್ಪೆಯ ಪಟ್ಟಕ್ಕೆ ಚೆನ್ನಭೈರಾದೇವಿ ಬಂದಳು, 1606ರವರೆಗೆ ಆಳಿದಳು. ಐವತ್ತನಾಲ್ಕು ವರ್ಷ! ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದದ್ದರಲ್ಲಿ ಹೊಗಳಿಕೆಗಿಂತ ಹೆಚ್ಚಾಗಿ ಗಿರಾಕಿಯ ಗೊಣಗಾಟ ಇದೆ. ಘಟ್ಟದ ತೋಟಗಳಿಂದ ಶರಾವತಿಯ ದಾರಿಯಾಗಿ ಇಳಿಯುವ ಮೆಣಸು ಅವಳ ಕೈದಾಟಿ ಬಾರದೆ ಅವರ ಹಡಗು ಸೇರುವಂತಿರಲಿಲ್ಲ. ಮಿರ್ಜಾನ್ ಕೋಟೆಯನ್ನು ಕಟ್ಟಿಸಿದವಳು ಅವಳೇ ಎಂದು ಜನ ಹೇಳುತ್ತಾರೆ. ಜೈನ ರಾಣಿಯ ಈ ದೀರ್ಘ ಆಳ್ವಿಕೆಯನ್ನು ಕೊನೆಗಾಣಿಸಿದ್ದು ಪೋರ್ಚುಗೀಸರ ಫಿರಂಗಿಯಲ್ಲ, ಮನೆಯ ಪಕ್ಕದ ಕೆಳದಿಯ ವೆಂಕಟಪ್ಪ ನಾಯಕ. ಸೋತ ರಾಣಿ ಇಕ್ಕೇರಿಯ ಸೆರೆಯಲ್ಲಿ ಸತ್ತಳು.

ಉಳ್ಳಾಲದ ಅಬ್ಬಕ್ಕನ ಕಥೆ ಕರಾವಳಿಯ ಮಕ್ಕಳಿಗೂ ಗೊತ್ತು. ಚೌಟರ ಮನೆತನ, ಅಳಿಯಸಂತಾನ ಕಟ್ಟು, ಮಂಗಳೂರಿನ ಬಂಗ ಅರಸನೊಂದಿಗೆ ಮದುವೆ, ಮನಸ್ತಾಪ. ಪೋರ್ಚುಗೀಸರು ಮತ್ತೆ ಮತ್ತೆ ದಂಡೆತ್ತಿ ಬಂದದ್ದು, ಅವರ ಹಡಗುಗಳ ಮೇಲೆ ಬೆಂಕಿಯ ಬಾಣಗಳು ಹಾರಿದ್ದು. ಈ ಹೆಸರಿನ ಒಬ್ಬಳಿಗಿಂತ ಹೆಚ್ಚು ರಾಣಿಯರ ಕಾರ್ಯಗಳು ಜನರ ನೆನಪಿನಲ್ಲಿ ಒಬ್ಬಳದೇ ಆಗಿ ಹೆಣೆದುಕೊಂಡಿವೆ.

ಅವರಲ್ಲಿ ಒಬ್ಬಳನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ. 1623ರಲ್ಲಿ ಇಕ್ಕೇರಿ ನೋಡಿಕೊಂಡು ಘಟ್ಟ ಇಳಿದು ಮಂಗಳೂರಿಗೆ ಬಂದವನು ಉಳ್ಳಾಲದ ರಾಣಿಯನ್ನು ಹುಡುಕಿಕೊಂಡು ಹೋದ. ಸಿಂಹಾಸನ, ಚಾಮರ ಏನೂ ಇರಲಿಲ್ಲ. ರಾಣಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು. ಸೊಂಟಕ್ಕೆ ಬಿಳಿಯ ಒರಟು ಹತ್ತಿಬಟ್ಟೆ, ಬಿಸಿಲಿಗೆ ಓಲೆಯ ಕೊಡೆ. ಹೊರಟಿದ್ದು ಗದ್ದೆಗೆ ನೀರು ಹಾಯಿಸಲು ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು! ನೋಟಕ್ಕೆ ಅಡುಗೆಮನೆಯ ಆಳಿನಂತಿದ್ದಾಳೆ, ಬಾಯಿ ತೆರೆದರೆ ಮಾತ್ರ ಅರಸಿಯೇ ಎಂಬ ಅರ್ಥದಲ್ಲಿ ಆತ ಬರೆದುಕೊಂಡ. ಇದೇ ರಾಣಿ ಆಗ ಪೋರ್ಚುಗೀಸರ ಬೆಂಬಲ ಪಡೆದಿದ್ದ ಬಂಗನ ವಿರುದ್ಧ ವೆಂಕಟಪ್ಪ ನಾಯಕನ ಸೈನ್ಯ ಕರೆಸಿ ಗೆದ್ದಿದ್ದಳು. ಕಡಲಿನ ದೊರೆಗಳನ್ನು ಕಾಡಿದವಳ ಬಲ ಇದ್ದದ್ದು ಭತ್ತದ ಗದ್ದೆಯಲ್ಲಿ, ಅದರ ಗೇಣಿಯಲ್ಲಿ. ಆತ ತಿಳಿದೋ ತಿಳಿಯದೆಯೋ ಅದನ್ನೇ ದಾಖಲಿಸಿಬಿಟ್ಟ.

ಮೂವರ ಬಗ್ಗೆಯೂ ಹೆಚ್ಚು ಬರೆದವರು ಎದುರಾಳಿಗಳು ಅಥವಾ ಹೊರಗಿನವರು. ಕಡಲಿನಿಂದ ದೂರದ ಬೆಳವಡಿಯ ಮಲ್ಲಮ್ಮನದೂ ಇದೇ ಪಾಡು. 1678ರ ಫೆಬ್ರವರಿಯಲ್ಲಿ ರಾಜಾಪುರದ ಇಂಗ್ಲಿಷರು ಬರೆದ ಪತ್ರವೊಂದು, ಎಷ್ಟೋ ರಾಜ್ಯ ಗೆದ್ದ ಶಿವಾಜಿಗೆ ಒಬ್ಬ ಹೆಣ್ಣು ದೇಸಾಯಿಯ ಕೋಟೆ ಬಗ್ಗುತ್ತಿಲ್ಲ ಎಂಬ ಸುದ್ದಿ ಹೇಳುತ್ತದೆ. ಮರಾಠಿ ಬಖರಿನಲ್ಲಿ, ಅಂದರೆ ಚರಿತ್ರೆಯ ಕಥನದಲ್ಲಿ, ಅವಳ ಹೆಸರು ಸಾವಿತ್ರಿಬಾಯಿ. ಮಲ್ಲಮ್ಮ ಎಂಬ ಹೆಸರನ್ನು ಕಾಪಾಡಿಕೊಂಡದ್ದು ಕನ್ನಡದ ನೆಲ.

ಚೀನಾದಿಂದ ಐರ್ಲೆಂಡಿನವರೆಗೆ

ಈಗ ಲೋಕಪ್ರಸಿದ್ಧರತ್ತ ಬರೋಣ. ದಕ್ಷಿಣ ಚೀನಾದ ಝೆಂಗ್ ಯಿ ಸಾವ್ ಚರಿತ್ರೆಯಲ್ಲೇ ಅತಿ ದೊಡ್ಡ ಕಡಲ್ಗಳ್ಳ ಪಡೆಯನ್ನು ನಡೆಸಿದವಳು. ಗಂಡ 1807ರಲ್ಲಿ ಸತ್ತಾಗ ನೂರಾರು ಹಡಗುಗಳ ಒಕ್ಕೂಟ ಅವಳ ಕೈಗೆ ಬಂತು. ಹಡಗುಗಳ ಮುಂದಾಳುತನವನ್ನು ದತ್ತುಮಗನಂತಿದ್ದ ಝಾಂಗ್ ಬಾವ್‌ಗೆ ವಹಿಸಿ, ತಾನು ವ್ಯವಹಾರ ಹಿಡಿದಳು. ಉಪ್ಪಿನ ಹಡಗುಗಳಿಗೆ ರಹದಾರಿ ಮಾರುವುದು, ಕಂದಾಯ ಕಟ್ಟಿಸುವುದು, ಸೆರೆಯಾಳುಗಳಿಗೆ ಬೆಲೆ ಕಟ್ಟುವುದು: ನಮ್ಮ ಆಂಗ್ರೆಯ ಅಂಗಡಿಯೇ, ಇನ್ನಷ್ಟು ದೊಡ್ಡದು. 1810ರಲ್ಲಿ ಸರಕಾರದೊಂದಿಗಿನ ಮಾತುಕತೆ ಮುರಿದುಬಿದ್ದಾಗ ಆಯುಧವಿಲ್ಲದೆ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ನೇರ ಕ್ಯಾಂಟನ್‌ನ ಅಧಿಕಾರಿಯ ಮುಂದೆ ಹೋಗಿ ಕೂತಳು. ಕ್ಷಮೆ ಸಿಕ್ಕಿತು. ಹದಿನೇಳು ಸಾವಿರಕ್ಕೂ ಹೆಚ್ಚು ಜನ, ಇನ್ನೂರಕ್ಕೂ ಹೆಚ್ಚು ಹಡಗು ಶರಣಾದವು. ಅವಳು 1844ರವರೆಗೆ ಬದುಕಿ ಸಹಜವಾಗಿಯೇ ಸತ್ತಳು. ಕಡಲ್ಗಳ್ಳರಲ್ಲಿ ಇದು ಅಪರೂಪದ ಸಾವು.

ಐರ್ಲೆಂಡಿನ ಪಡುದಂಡೆಯ ಗ್ರೇಸ್ ಓಮ್ಯಾಲಿ ತನ್ನ ಮನೆತನದ ನೀರಿನಲ್ಲಿ ಹಾಯುವ ಹಡಗುಗಳಿಂದ ಸುಂಕ ಕೀಳುತ್ತಿದ್ದಳು. ಇಂಗ್ಲಿಷ್ ಅಧಿಕಾರಿಯೊಬ್ಬ ಅವಳ ಮಗನನ್ನೂ ದನಕರುಗಳನ್ನೂ ಹಿಡಿದುಕೊಂಡಾಗ 1593ರಲ್ಲಿ ಲಂಡನ್ನಿಗೆ ಹೋಗಿ ಎಲಿಜಬೆತ್ ರಾಣಿಯನ್ನೇ ಕಂಡಳು. ಅದಕ್ಕೆ ಮೊದಲು ಅವಳ ಮುಂದೆ ಹದಿನೆಂಟು ಪ್ರಶ್ನೆಗಳ ಪಟ್ಟಿ ಇಟ್ಟಿದ್ದರು. ಅವಳ ಬಗ್ಗೆ ನಂಬಲರ್ಹವಾದ ಹೆಚ್ಚಿನ ಮಾಹಿತಿ ಬಂದದ್ದು ಆ ಉತ್ತರಗಳಿಂದ. ವಿಧವೆಯ ಆಸ್ತಿಹಕ್ಕು, ಗಂಡಂದಿರ ಜಮೀನು, ಮಕ್ಕಳ ಪಾಲು ಮುಂತಾದ ಮನೆವಾರ್ತೆಯೇ ಅದರಲ್ಲಿ ತುಂಬಿದೆ.

ಮೊರಾಕ್ಕೋದ ತೆತುವಾನ್ ಊರನ್ನು 1542ರವರೆಗೆ ಆಳಿದ ಸಯ್ಯಿದಾ ಅಲ್ ಹುರ್ರಾ ಗ್ರನಾಡದಿಂದ ಓಡಿಬಂದವರ ಕುಲದವಳು. ಸ್ಪೇನ್, ಪೋರ್ಚುಗಲ್‌ಗಳ ಹಡಗುಗಳ ಮೇಲೆ ಬೀಳುವವರಿಗೆ ಬಂದರು ಕೊಟ್ಟಳು. ಸೆರೆಯಾಳುಗಳ ಬಿಡುಗಡೆಗೆ ಆ ರಾಜ್ಯಗಳ ದೂತರು ಅವಳ ಬಾಗಿಲಿಗೇ ಬರಬೇಕಿತ್ತು. ಅತ್ತ ಅವಳ ಆಳ್ವಿಕೆ ಮುಗಿದ ವರ್ಷವೇ ಇತ್ತ ಭಟ್ಕಳ ಸುಟ್ಟಿತು. ಇಬ್ಬರು ಬಂದರುರಾಣಿಯರಿಗೂ ಎದುರಾಳಿ ಒಬ್ಬನೇ, ಪೋರ್ಚುಗಲ್.

ನಿಜವಾಗಿ ಕತ್ತಿ ಹಿಡಿದು ಹಡಗಿನ ಅಟ್ಟದ ಮೇಲೆ ನಿಂತವರು ಆ್ಯನ್ ಬಾನಿ ಮತ್ತು ಮೇರಿ ರೀಡ್. 1720ರ ನವೆಂಬರಿನಲ್ಲಿ ಜಮೈಕಾದ ನ್ಯಾಯಾಲಯ ಇಬ್ಬರಿಗೂ ಗಲ್ಲು ವಿಧಿಸಿತು. ಬಸುರಿಯರೆಂಬ ಕಾರಣಕ್ಕೆ ಶಿಕ್ಷೆ ಮುಂದೆ ಹೋಯಿತು. 1721ರ ಏಪ್ರಿಲಿನಲ್ಲಿ, ಕ್ಯಾಥರೀನ್ ಮೂರನೆಯ ಸಲ ವಿಧವೆಯಾದ ತಿಂಗಳಲ್ಲೇ, ಮೇರಿ ರೀಡ್ ಸೆರೆಮನೆಯಲ್ಲಿ ಸತ್ತಳು. ಅವರು ಸಣ್ಣ ಹಡಗೊಂದರಲ್ಲಿ ಮೀನುದೋಣಿಗಳನ್ನೂ ಚಿಕ್ಕಪುಟ್ಟ ವ್ಯಾಪಾರಿ ದೋಣಿಗಳನ್ನೂ ದೋಚಿದ್ದು ಕೆಲವೇ ತಿಂಗಳು. ಆದರೆ 1724ರಲ್ಲಿ ಲಂಡನ್ನಿನಲ್ಲಿ ಬಂದ ಪುಸ್ತಕವೊಂದು ಅವರ ಬಾಲ್ಯ, ಪ್ರೇಮ, ಗಂಡುವೇಷಗಳನ್ನು ರಸವತ್ತಾಗಿ ಹೇಳಿತು. ಎಷ್ಟು ನಿಜ, ಎಷ್ಟು ಒಗ್ಗರಣೆ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಕಣ್ಣಿಗೆ ಕಟ್ಟಿರುವ ಕಡಲ್ಗಳ್ಳಿಯ ಚಿತ್ರ ಅಲ್ಲಿಂದ ಬಂದದ್ದು. ಸಾವಿರಾರು ಜನರನ್ನು ಆಳಿದ ಚೀನಾದ ವಿಧವೆಗಿಂತ ಚಿಕ್ಕ ಹಡಗಿನ ಇಬ್ಬರು ಹುಡುಗಿಯರು ಹೆಚ್ಚು ಹೆಸರಾಗಿರುವುದು ಓದುಗರ ರುಚಿಯ ಬಗ್ಗೆಯೂ ಏನನ್ನೋ ಹೇಳುತ್ತದೆ.

ಪುಣೆಯ ತೀರ್ಮಾನ

ಕಾನ್ಹೋಜಿ 1729ರಲ್ಲಿ ತೀರಿಕೊಂಡ. ಇಂಗ್ಲಿಷರು ಒಬ್ಬರೇ ಬಂದರೂ, 1721ರಲ್ಲಿ ಪೋರ್ಚುಗೀಸರನ್ನು ಜೊತೆಗೂಡಿಸಿಕೊಂಡು ಬಂದರೂ ಅವನ ಕೋಟೆ ಬಿದ್ದಿರಲಿಲ್ಲ. ಬೀಳಿಸಿದ್ದು ಪುಣೆ. ಮಗ ತುಳಾಜಿ ಪೇಶ್ವೆಯ ಮಾತಿಗೆ ಸೊಪ್ಪು ಹಾಕಲಿಲ್ಲ. ಪೇಶ್ವೆ ನಾನಾಸಾಹೇಬ 1755ರಲ್ಲಿ ಮುಂಬೈಯ ಇಂಗ್ಲಿಷರೊಂದಿಗೆ ಕರಾರು ಮಾಡಿಕೊಂಡ. ಅದೇ ವರ್ಷ ಆಂಗ್ರೆಯ ಸುವರ್ಣದುರ್ಗ ಕೋಟೆ ಹೋಯಿತು. 1756ರ ಫೆಬ್ರವರಿಯಲ್ಲಿ ಇಂಗ್ಲಿಷ್ ಅಡ್ಮಿರಲ್ ವಾಟ್ಸನ್‌ನ ಹಡಗುಗಳು, ಕ್ಲೈವ್‌ನ ಸೈನಿಕರು ವಿಜಯದುರ್ಗದ ಮುಂದೆ ನಿಂತರು. ಆಂಗ್ರೆಗಳು ಹಿಂದೆ ಇಂಗ್ಲಿಷರಿಂದಲೇ ಹಿಡಿದು ತಂದಿದ್ದ ಹಡಗೊಂದಕ್ಕೆ ಬೆಂಕಿ ಹತ್ತಿ, ಅದರಿಂದ ಇಡೀ ನೌಕಾಪಡೆಗೆ ಹರಡಿತು. ಮಧ್ಯಾಹ್ನ ಶುರುವಾದ ಕದನದಲ್ಲಿ ಸಂಜೆಯ ಹೊತ್ತಿಗೆ ಪಡುಗಡಲಿನ ದೊಡ್ಡ ದೇಶೀ ಪಡೆ ಬೂದಿಯಾಗಿತ್ತು.

ಕೋಟೆಯೊಳಗಿನ ಸುಮಾರು ಹತ್ತು ಲಕ್ಷ ರೂಪಾಯಿಯ ಲೂಟಿಯನ್ನು ಇಂಗ್ಲಿಷರು ತಮ್ಮತಮ್ಮಲ್ಲೇ ಹಂಚಿಕೊಂಡರು. ಮಿತ್ರನಾದ ಪೇಶ್ವೆಗೆ ಕೋಟೆಯ ಕೀಲಿ ಸಿಗಲೂ ತಿಂಗಳುಗಟ್ಟಲೆ ಚೌಕಾಸಿ ಆಗಬೇಕಾಯಿತು. ತುಳಾಜಿ ಉಳಿದ ಆಯಸ್ಸನ್ನು ಪೇಶ್ವೆಯ ಸೆರೆಯಲ್ಲಿ ಕಳೆದ. ವಾಟ್ಸನ್ ಮತ್ತು ಕ್ಲೈವ್ ಅಲ್ಲಿಂದ ಮದ್ರಾಸಿಗೆ, ಮದ್ರಾಸಿನಿಂದ ಬಂಗಾಳಕ್ಕೆ ಹೋದರು. ಮರುವರ್ಷವೇ ಪ್ಲಾಸಿ. ಕಡಲಿಲ್ಲದ ಊರಿನವರು ಕಡಲಿನ ಲೆಕ್ಕವನ್ನು ಒಂದೇ ಕಂತಿಗೆ ನೋಡಿದ್ದರಿಂದ ಆದ ನಷ್ಟ ಎಷ್ಟೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ.

ಆಂಗ್ರೆ ಮನೆತನದ ಕೊಲಾಬಾ ಕವಲು ಮುಂದುವರಿಯಿತು. ಆ ಶತಮಾನದ ಕೊನೆಯ ಹೊತ್ತಿಗೆ ದಾಯಾದಿ ಜಗಳದಲ್ಲಿ ಜಯಸಿಂಗ ಆಂಗ್ರೆ ಸೆರೆಯಾದಾಗ ಅವನ ಹೆಂಡತಿ ಸಕ್ವಾರಬಾಯಿ, ಮುಂಬೈಗೆ ಹತ್ತಿರದ ಖಾಂದೇರಿಯ ದ್ವೀಪಕೋಟೆಯನ್ನು ವಶಪಡಿಸಿಕೊಂಡಳು. ಬಲದಿಂದ ಇಳಿಸಲಾಗದೆ ಎದುರು ಪಕ್ಷದ ಬಾಬುರಾವ್ ಆಂಗ್ರೆ ಮಾತು ಕೊಟ್ಟ: ಕೋಟೆ ಬಿಡು, ಗಂಡನನ್ನು ಬಿಡುತ್ತೇನೆ. ಅವಳು ಬಿಟ್ಟುಕೊಟ್ಟಳು. ಅವನು ಜಯಸಿಂಗನನ್ನು ಕೊಲ್ಲಿಸಿ ಅವಳನ್ನು ಸೆರೆಗೆ ಹಾಕಿದ. ಪಡುಗಡಲಿನ ಕೋಟೆಯೊಂದನ್ನು ಹಿಡಿದು ನಿಂತ ಈ ಹೆಂಗಸಿನ ಹೆಸರು ಎಷ್ಟು ಜನರಿಗೆ ಗೊತ್ತು?

2012ರಲ್ಲಿ ನಮ್ಮ ಕರಾವಳಿ ಕಾವಲು ಪಡೆಯ ಗಸ್ತು ನೌಕೆಯೊಂದಕ್ಕೆ ರಾಣಿ ಅಬ್ಬಕ್ಕನ ಹೆಸರಿಟ್ಟರು. 2019ರಲ್ಲಿ ನೌಕಾಪಡೆಗೆ ಸೇರಿದ ಜಲಾಂತರ್ಗಾಮಿಯ ಹೆಸರು ಖಾಂದೇರಿ. ಹೆಸರಿಡುವುದು ಗೌರವದ ಕೆಲಸ, ಸಂತೋಷ. ಓದುವ ಕೆಲಸ ಮಾತ್ರ ಬಾಕಿಯಿದೆ. ಪುಣೆಯ ದಫ್ತರದಲ್ಲಿ ಕರ್ನಾಟಕದ ಸೀಮೆಗೆ ಸೇರಿದ ಮೋಡಿ ಕಾಗದಗಳಿವೆ. ಧಾರವಾಡ–ಬೆಳಗಾವಿ ಕಡೆಯ ದೇಸಾಯಿ, ಕುಲಕರ್ಣಿ ಮನೆಗಳ ಪೆಟ್ಟಿಗೆಗಳಲ್ಲೂ ಇವೆ. ಕನ್ನಡವೂ ಮೋಡಿಯೂ ಎರಡೂ ಬಲ್ಲವರು ವಿರಳವಾಗುತ್ತಿದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ವರ್ಷಕ್ಕೆ ನಾಲ್ಕಾರು ವಿದ್ಯಾರ್ಥಿಗಳಿಗಾದರೂ ಮೋಡಿ ಕಲಿಸಿದರೆ ಸಾಕು, ಕೆಲಸ ಶುರುವಾಗುತ್ತದೆ. ಆ ಕಂತೆಗಳಲ್ಲಿ ಯುದ್ಧದ ವರ್ಣನೆ ಹುಡುಕಿದವರಿಗೆ ಹೆಂಗಸರು ಸಿಗಲಿಕ್ಕಿಲ್ಲ. ಸುಂಕ, ಸಾಲ, ಜಾಮೀನು, ಇನಾಮು, ಬಾಕಿ ಎಂದಿರುವ ಹಾಳೆಗಳನ್ನು ಮೊದಲು ಬಿಡಿಸಬೇಕು. ಅವರು ಇರುವುದು ಅಲ್ಲಿ.